ವಾಲಿಯ ವಕಾಲತ್ತು

ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯ ಮಳೆಗಾಲ ತಾಳಮದ್ದಳೆಯದು. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಾಲಿನಲ್ಲಿ ಎದುರುಬದುರು ಕೂತು ಪಾತ್ರಗಳ ಮಾತಾಡುವ ಅರ್ಥಧಾರಿಗಳು, ಜೊತೆಗೆ ಭಾಗವತರು, ಚೆಂಡೆ, ಮದ್ದಳೆ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ, ಮಾತು ಆ ಹೊತ್ತಿಗೇ ಹುಟ್ಟಬೇಕು. ಪಾತ್ರದೊಳಗೆ ಇಳಿಯುವ ವಿದ್ಯೆ ನಮಗೆ ಪಶ್ಚಿಮದ ರಂಗಶಾಲೆಗಳಿಂದ ಬಂತು ಎನ್ನುವವರು ಈ ಕೂಟಗಳನ್ನು ಲೆಕ್ಕಕ್ಕೇ ಹಿಡಿದಂತಿಲ್ಲ. ಈ ಪರಿಸ್ಥಿತಿಯಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ನಟ ಕೇಳಿಕೊಳ್ಳಲಿ ಎಂದು ರಂಗನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ಮಾಸ್ಕೋದಲ್ಲಿ ಕಲಿಸಿದ. ಅರ್ಥಧಾರಿಯ ಪ್ರಶ್ನೆ ಬೇರೆ: ಈ ಪಾತ್ರದ ಪರವಾಗಿ ಏನೇನು ಹೇಳಲು ಸಾಧ್ಯ? ಅವನು ಪಾತ್ರವನ್ನು ಹೊಗುವುದು ವಾದದ ಬಾಗಿಲಿನಿಂದ.

ವಾಲಿವಧೆ ಪ್ರಸಂಗವನ್ನೇ ನೋಡಿ. ಮರೆಯಲ್ಲಿ ನಿಂತು ಬಿಟ್ಟ ಬಾಣಕ್ಕೆ ಉರುಳಿದ ವಾಲಿ, ನಿನಗೂ ನನಗೂ ಏನು ಹಗೆ ಎಂದು ಕೇಳುತ್ತಾನೆ. ನನ್ನಲ್ಲಿ ಬಂದಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದೊಪ್ಪಿಸುತ್ತಿದ್ದೆ ಎನ್ನುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದೇ ದಂಡನೆ, ಈ ನೆಲ ಭರತನ ಆಳ್ವಿಕೆಗೆ ಸೇರಿದ್ದು ಎಂಬುದು ರಾಮನ ಉತ್ತರ. ಇಷ್ಟು ವಾಲ್ಮೀಕಿಯಲ್ಲೇ ಇದೆ. ಅರ್ಥಧಾರಿಯ ಕೆಲಸ ಶುರುವಾಗುವುದು ಇದರ ನಂತರ. ಕಪಿಗೆ ಮನುಷ್ಯರ ಧರ್ಮ ಅನ್ವಯಿಸುತ್ತದೆಯೇ? ಅನ್ವಯಿಸುವುದಾದರೆ, ಮೃಗವನ್ನು ಮರೆಯಿಂದ ಕೊಲ್ಲಬಹುದೆಂಬ ಬೇಟೆಯ ನೆಪ ಏಕೆ? ಎದುರು ಕೂತ ರಾಮ ಯಾವ ಕಡೆಯಿಂದ ಉತ್ತರಿಸುತ್ತಾನೋ ಮೊದಲೇ ತಿಳಿಯದು. ಹಾಗಾಗಿ ಬಾಯಿಪಾಠ ಕೈ ಹಿಡಿಯದು, ವಾಲಿಯ ತಲೆಯಿಂದಲೇ ಯೋಚಿಸಬೇಕು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಿಗೆ ಹೆಸರಾದದ್ದು ಈ ದಾರಿಯಲ್ಲಿ. ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಮುಸ್ಲಿಂ ವರ್ತಕ ಬಪ್ಪ ಬ್ಯಾರಿಯನ್ನೂ ಅವರು ಅಷ್ಟೇ ಗಟ್ಟಿಯಾಗಿ ನಿಲ್ಲಿಸಿದರು.

ಇದು ಪಾಂಡಿತ್ಯವಾಯಿತು, ಅಭಿನಯ ಎಲ್ಲಿ ಎಂಬ ಆಕ್ಷೇಪ ಹಳೆಯದು, ಹುರುಳಿಲ್ಲದ್ದೂ ಅಲ್ಲ. ವಾದ ಕಲಾವಿದರ ಸ್ವಂತ ಜಿದ್ದಿಗೆ ತಿರುಗಿ, ರಾಮ–ವಾಲಿಯರು ಬದಿಗುಳಿದ ಕೂಟಗಳು ಉಂಟು. (ಚಪ್ಪಾಳೆ ಬೀಳುವುದೂ ಅಲ್ಲಿಯೇ, ಅದು ಬೇರೆ ಮಾತು.) ಶಿವರಾಮ ಕಾರಂತರಂತೂ ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಮಾತನ್ನೇ ಕತ್ತರಿಸಿ, ರಾಗ, ಹೆಜ್ಜೆ, ಬಣ್ಣಗಳನ್ನು ನಂಬಿದರು. ಆದರೆ ರೋಗಕ್ಕೆ ಮದ್ದು ಪರಂಪರೆಯೊಳಗೇ ಇತ್ತು. ಪೀಠಿಕೆಯಲ್ಲಿ ಪಾತ್ರ ತನ್ನ ಹಿನ್ನೆಲೆಯನ್ನೂ ಈ ಗಳಿಗೆಯ ಮನಸ್ಸನ್ನೂ ಹೇಳಿಕೊಳ್ಳಬೇಕು. ಎಷ್ಟೇ ಹಾರಿದರೂ ಮುಂದಿನ ಪದ್ಯದ ಎತ್ತುಗಡೆಗೆ ಬಂದು ಇಳಿಯಬೇಕು. ಭಾವವಿಲ್ಲದ ಒಣ ತರ್ಕ ಎನ್ನುವವರಿಗೂ ಉತ್ತರ ಇಲ್ಲೇ ಇದೆ: ಸಾಯುತ್ತಿರುವವನು ನ್ಯಾಯ ಕೇಳುವಾಗ ತರ್ಕ, ಸಂಕಟ ಬೇರೆಬೇರೆಯಾಗಿ ಬರುವುದಿಲ್ಲ.

ಇನ್ನೊಂದು ಕಟ್ಟು ಎಲ್ಲಕ್ಕಿಂತ ಬಿಗಿ. ಪ್ರಸಂಗದ ಮುಕ್ತಾಯವನ್ನು ಬದಲಿಸುವಂತಿಲ್ಲ. ಅಷ್ಟು ಹೊತ್ತು ರಾಮನನ್ನು ಕಟಕಟೆಯಲ್ಲಿ ನಿಲ್ಲಿಸಿದ ವಾಲಿ ಕೊನೆಗೆ ಒಪ್ಪಿ, ಮಗ ಅಂಗದನನ್ನು ಅವನ ಕೈಗೆ ಕೊಟ್ಟು ಸಾಯಬೇಕು. ಗೆಲ್ಲುವ ಹುಮ್ಮಸ್ಸಿನಲ್ಲೇ ಮಾತಾಡಿದವನಿಗೆ ಈ ತಿರುವು ಸಿಗುವುದಿಲ್ಲ. ಒಪ್ಪಿಗೆ ತೇಪೆ ಹಚ್ಚಿದಂತಾಗುತ್ತದೆ. ಮೊದಲ ಪ್ರಶ್ನೆಯಲ್ಲೇ ಸೋಲಿನ ಬೀಜ ಇಟ್ಟವನಿಗೆ ಸಿಗುತ್ತದೆ. ಹಿರಿಯರ ಅರ್ಥದ ಧ್ವನಿಮುದ್ರಣಗಳು ಇಂದಿಗೂ ಕೇಳಲು ಸಿಗುತ್ತವೆ. ಕೇಳುವವರು ವಾಲಿಯ ಪ್ರಶ್ನೆಗಳಿಗೆ ತಲೆದೂಗಿ ಎದ್ದುಹೋಗದೆ, ಅವನು ಸೋಲುವ ಭಾಗವನ್ನೂ ಕೂತು ಕೇಳಲಿ.