ಹೋದ ರೀಲು, ಉಳಿದ ಕಾಗದ

ನಾವು ಈ ಸಿನಿಮಾ ನೋಡಿಲ್ಲ. ಇನ್ನು ಯಾರೂ ನೋಡೋ ಹಾಗೂ ಇಲ್ಲ. ಅಮೆರಿಕದ ಕಪ್ಪು ಜನ 1916ರಲ್ಲಿ ತಾವೇ ಕಂಪನಿ ಕಟ್ಟಿ, ತಾವೇ ಕುದುರೆ ಹತ್ತಿ ತೆಗೆದ ಮೂರು ರೀಲಿನ ಮೂಕಿ ಚಿತ್ರ ಅದು. ಹೆಸರು ‘ಎ ಟ್ರೂಪರ್ ಆಫ್ ಟ್ರೂಪ್ ಕೆ’. ಅದರ ಪ್ರತಿ ಉಳಿದಿಲ್ಲ.

ಅದರ ಹಿಂದಿನ ವರ್ಷ, 1915ರಲ್ಲಿ, ಗ್ರಿಫಿತ್ ಎಂಬ ಬಿಳಿಯ ‘ದಿ ಬರ್ತ್ ಆಫ್ ಎ ನೇಷನ್’ ತೆಗೆದಿದ್ದ. ಅದರಲ್ಲಿ ಕಪ್ಪು ಮನುಷ್ಯ ಹೆಣ್ಣಿನ ಮೇಲೆ ಬೀಳೋ ಮೃಗ. ಅವನನ್ನು ಕೊಲ್ಲುವ ಕೂ ಕ್ಲಕ್ಸ್ ಕ್ಲಾನ್ ಗುಂಪೇ ಧರ್ಮರಕ್ಷಕರು. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು ಕಪ್ಪು ಜನರ ವೇಷ ಹಾಕಿದ್ದರು. ಜನ ಮುಗಿಬಿದ್ದು ನೋಡಿದರು. ಕೌಬಾಯ್ ಚಿತ್ರಗಳಲ್ಲೂ ಅಷ್ಟೆ: ಕುದುರೆ, ಬಂದೂಕು, ಮಾನ ಎಲ್ಲ ಬಿಳಿಯನದೇ. ನಿಜವಾಗಿ ದನ ಮೇಯಿಸಿದ ಕೌಬಾಯ್‌ಗಳಲ್ಲಿ ಕಪ್ಪು ಜನ ಬೇಕಾದಷ್ಟಿದ್ದರು. ಪರದೆಗೆ ಅವರು ಬೇಡವಾಗಿದ್ದರು.

ಇಂಥ ಹೊತ್ತಿನಲ್ಲಿ ನೋಬಲ್ ಜಾನ್ಸನ್ ಎಂಬ ನಟ ಗೆಳೆಯರ ಜೊತೆ ಸೇರಿ ಲಿಂಕನ್ ಮೋಷನ್ ಪಿಕ್ಚರ್ ಕಂಪನಿ ಕಟ್ಟಿದ. ಜೊತೆಗೆ ನಿಂತ ಒಬ್ಬ ಬಿಳಿಯ, ಹ್ಯಾರಿ ಗ್ಯಾಂಟ್, ಕ್ಯಾಮೆರಾ ಹಿಡಿದ. ನೋಬಲ್‌ನ ತಮ್ಮ ಜಾರ್ಜ್ ಒಮಾಹಾ ಊರಿನ ಅಂಚೆ ಕಚೇರಿಯಲ್ಲಿ ಗುಮಾಸ್ತ. ರೀಲುಗಳನ್ನು ಊರಿಂದೂರಿಗೆ ಕಳಿಸೋ ಕೆಲಸ ಅವನು ಹೊತ್ತ.

ಕಥೆ ಸಣ್ಣದು. ಕೆಲಸಕ್ಕೆ ಬಾರದವ ಅನ್ನಿಸಿಕೊಂಡ ಜೋ, ಕ್ಲಾರಾ ಎಂಬ ಹುಡುಗಿಯ ಮಾತು ಕೇಳಿ ಹತ್ತನೇ ಅಶ್ವದಳ ಸೇರ್ತಾನೆ. ಕರಿಜಾಲ್ ಕಾಳಗದಲ್ಲಿ ತನ್ನ ಕ್ಯಾಪ್ಟನ್‌ನ ಜೀವ ಉಳಿಸಿ ವೀರನಾಗಿ ಮರಳುತ್ತಾನೆ. ಜೋ ಪಾತ್ರ ನೋಬಲ್‌ನದೇ.

ಕರಿಜಾಲ್ ಕಟ್ಟುಕಥೆಯಲ್ಲ. 1916ರ ಜೂನ್ 21ರಂದು ಮೆಕ್ಸಿಕೋದ ಆ ಊರಲ್ಲಿ, ಅಲ್ಲಿನ ಸೈನ್ಯ ಮುಂದೆ ಬರಬೇಡಿ ಅಂದರೂ, ಬಿಳಿಯ ಕ್ಯಾಪ್ಟನ್ ಬಾಯ್ಡ್ ಈ ಕಪ್ಪು ಸಿಪಾಯಿಗಳನ್ನು ನುಗ್ಗಿಸಿದ. ತಾನೂ ಸತ್ತ. ಸಿಪಾಯಿಗಳೂ ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನ ಸೆರೆಯಾದರು.

ಇಲ್ಲಿ ನಮಗೆ ಮುಳ್ಳು ಚುಚ್ಚುತ್ತದೆ. ಅದು ಯಾರ ಯುದ್ಧ? ಇದೇ ದಳವನ್ನು ಹಿಂದೆ ಆ ನೆಲದ ಮೂಲನಿವಾಸಿಗಳ ಮೇಲೆ ಛೂ ಬಿಟ್ಟಿದ್ದರು. ರಕ್ತ ಕೊಟ್ಟು ಬಂದವನಿಗೆ ದಕ್ಷಿಣದ ರೈಲಿನಲ್ಲಿ ಬಿಳಿಯರ ಡಬ್ಬಿ ಹತ್ತುವ ಹಕ್ಕಿರಲಿಲ್ಲ. ಇದೆಲ್ಲ ನಿಜ. ಆದರೂ ಚರ್ಚಿನಲ್ಲಿ, ಶಾಲೆಯಲ್ಲಿ, ತಮ್ಮದೇ ಥಿಯೇಟರುಗಳಲ್ಲಿ ಕೂತ ಕಪ್ಪು ಜನಕ್ಕೆ ಕುದುರೆ ಮೇಲೆ ತಮ್ಮದೇ ಮುಖ ಕಂಡಾಗ ಏನನ್ನಿಸಿರಬೇಕು? ಆ ಹಸಿವನ್ನು ನಾವು ತೂಗಿ ನೋಡಲಾರೆವು.

ಆಮೇಲೆ ಯೂನಿವರ್ಸಲ್ ಕಂಪನಿಯ ಒತ್ತಡಕ್ಕೆ ಸಿಕ್ಕಿ 1918ರಲ್ಲಿ ನೋಬಲ್ ತನ್ನದೇ ಕಂಪನಿ ಬಿಟ್ಟ. 1933ರ ‘ಕಿಂಗ್ ಕಾಂಗ್’ನಲ್ಲಿ ಅವನಿಗೆ ಸಿಕ್ಕಿದ್ದು ದ್ವೀಪದ ಕಾಡುಜನರ ನಾಯಕನ ವೇಷ! ಲಿಂಕನ್ ಕಂಪನಿ 1920ರ ದಶಕದ ಆರಂಭದಲ್ಲೇ ಮುಚ್ಚಿತು. ಅದರ ಕಥಾಚಿತ್ರಗಳಲ್ಲಿ ಇವತ್ತು ಉಳಿದಿರೋದು 1921ರ ‘ಬೈ ರೈಟ್ ಆಫ್ ಬರ್ತ್’ನ ನಾಲ್ಕು ನಿಮಿಷದ ತುಣುಕು. ಆ ಕಾಲದ ರೀಲು ಬೇಗ ಬೆಂಕಿ ಹಿಡಿಯೋದು, ಕೊಳೆಯೋದು. ದೊಡ್ಡ ಕಂಪನಿಗಳ ಚಿತ್ರಗಳೇ ಹೋದವು. ನಾಲ್ಕಾರು ಪ್ರತಿ ಇಟ್ಟುಕೊಂಡು ಊರೂರು ಅಲೆದ ಬಡ ಕಂಪನಿಯದು ಉಳಿಯೋದು ಹೇಗೆ?

ಉಳಿದದ್ದು ಕಾಗದ. ಅಂಚೆ ಗುಮಾಸ್ತ ಜಾರ್ಜ್ ಪತ್ರ, ಜಾಹೀರಾತು, ಪತ್ರಿಕೆ ತುಣುಕು, ಫೋಟೋ ಎಲ್ಲ ಜೋಪಾನ ಮಾಡಿದ. ಅವು ಈಗ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿವೆ. ಜೋ ಇದ್ದ ಅಂತ ನಾವು ಹೇಳೋಕಾಗಿದ್ದು ಅಂಥ ಕಾಗದದಿಂದ.

ಮೇಷ್ಟ್ರೇ, ಹುಡುಗರಾ, ಸಭೆ ಮುಗಿದ ಮೇಲೆ ಕರಪತ್ರ ಬಿಸಾಡಬೇಡಿ. ಹಿಂಬದಿಗೆ ತಾರೀಖು ಬರೆದು ಪೆಟ್ಟಿಗೆಯಲ್ಲಿಡಿ.