ಮೋಟಾರು ಓಟದ ಆಟಗಳಲ್ಲಿ ಕಾರಿನ ಹೆಸರು: ಪರವಾನಗಿಯ ಚರಿತ್ರೆಯ ಒಂದು ವಿವೇಚನೆ

ಮೋಟಾರು ಓಟವನ್ನು ತೆರೆಯ ಮೇಲೆ ಅನುಕರಿಸುವ ವಿಡಿಯೊ ಆಟಗಳನ್ನು ವಿನೋದದ ಸಾಮಗ್ರಿಯೆಂದು ಬದಿಗಿರಿಸುವುದು ವಾಡಿಕೆ. ಆದರೆ ವಾಣಿಜ್ಯದ ಒಡಂಬಡಿಕೆಗಳ ಚರಿತ್ರೆಯನ್ನು ಅರಿಯಬಯಸುವವರಿಗೆ ಇವು ಉಪೇಕ್ಷಿಸಬಾರದ ಆಕರಗಳು. ಒಂದು ಕಾರಿನ ಹೆಸರು, ಲಾಂಛನ, ಆಕಾರ ಇವು ಯಾರ ಸ್ವತ್ತು? ಅವುಗಳ ಚಿತ್ರವನ್ನು ಇನ್ನೊಬ್ಬನು ಬಳಸಬೇಕಾದರೆ ಅಪ್ಪಣೆ ಬೇಕೆ? ಅಪ್ಪಣೆ ಕೊಟ್ಟವನಿಗೆ ಆ ಕೃತಿಯ ಮೇಲೆ ಎಷ್ಟು ಅಧಿಕಾರ ಲಭಿಸುತ್ತದೆ? ಈ ಪ್ರಶ್ನೆಗಳಿಗೆ ೧೯೮೨ರಿಂದ ಈಚೆಗೆ ಬಂದ ಆಟಗಳ ಆಧಾರದಿಂದ ಉತ್ತರ ಹುಡುಕುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಸೂಚಿಸುವುದಾದರೆ, ಪರವಾನಗಿಯಿಂದ ಆಟಕ್ಕೆ ನೈಜತೆ ದೊರೆಯಿತು; ಅದಕ್ಕೆ ಪ್ರತಿಯಾಗಿ ಆಟದೊಳಗೆ ಏನು ನಡೆಯಬಹುದು, ಆಟವು ಎಷ್ಟು ಕಾಲ ಮಾರಾಟದಲ್ಲಿ ಉಳಿಯಬಹುದು ಎಂಬ ಎರಡು ವಿಷಯಗಳಲ್ಲಿಯೂ ರಚಿಸಿದವರ ಸ್ವಾತಂತ್ರ್ಯ ಕುಗ್ಗಿತು.

ಆಕರಗಳ ಬಗ್ಗೆ ಒಂದು ಮಾತು ಅವಶ್ಯಕ. ಈ ಒಡಂಬಡಿಕೆಗಳು ಸಾಮಾನ್ಯವಾಗಿ ಗೋಪ್ಯವಾದುವು. ಆದಕಾರಣ ಅವುಗಳ ಷರತ್ತುಗಳನ್ನು ಬಹುಮಟ್ಟಿಗೆ ಆಟಗಳಿಂದಲೇ ಊಹಿಸಬೇಕಾಗುತ್ತದೆ. ದತ್ತಿಯ ತಾಮ್ರಪಟ ಕೈಗೆ ಸಿಕ್ಕದಿದ್ದರೂ ಹೊಲದ ಅಂಚಿನ ಎಲ್ಲೆಕಲ್ಲುಗಳಿಂದ ದತ್ತಿಯ ವ್ಯಾಪ್ತಿಯನ್ನು ಗುರುತಿಸುವುದು ಚರಿತ್ರಕಾರರಿಗೆ ಹೊಸದಲ್ಲ. ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸಿದ್ದೇವೆ.

೧

೧೯೮೨ರಲ್ಲಿ ಜಪಾನಿನ ನಾಮ್ಕೊ ಸಂಸ್ಥೆ ಹೊರತಂದ ‘ಪೋಲ್ ಪೊಸಿಷನ್’ ಎಂಬ ಆಟದಲ್ಲಿ ಓಟದ ಹಾದಿ ನಿಜವಾದದ್ದು. ಅದು ಜಪಾನಿನ ಫುಜಿ ಸ್ಪೀಡ್‌ವೇ. ಹಾದಿಯ ಬದಿಯ ಜಾಹೀರಾತು ಫಲಕಗಳಲ್ಲಿ ನಿಜವಾದ ವ್ಯಾಪಾರ ಸಂಸ್ಥೆಗಳ ಹೆಸರುಗಳೂ ಕಾಣುತ್ತಿದ್ದುವು. ಆದರೆ ಕಾರಿಗೆ ತಯಾರಕನ ಹೆಸರಿರಲಿಲ್ಲ. ಬೆರಳೆಣಿಕೆಯ ಬಣ್ಣದ ಚುಕ್ಕಿಗಳಿಂದ ಮೂಡಿದ ಆ ಆಕೃತಿಯನ್ನು ಇಂತಹವರ ಕಾರೆಂದು ಗುರುತಿಸುವುದೂ ಸುಲಭವಾಗಿರಲಿಲ್ಲ.

ನಾಲ್ಕು ವರ್ಷಗಳಲ್ಲಿ ಈ ಸ್ಥಿತಿ ಬದಲಾಯಿತು. ೧೯೮೬ರಲ್ಲಿ ಸೆಗಾ ಸಂಸ್ಥೆಗಾಗಿ ಯು ಸುಜುಕಿಯವರು ರಚಿಸಿದ ‘ಔಟ್ ರನ್’ ಆಟದ ಕೆಂಪು ಕಾರು ಫೆರಾರಿ ಟೆಸ್ಟಾರೊಸ್ಸ ಎಂಬುದನ್ನು ಯಾರಾದರೂ ಹೇಳಬಹುದಾಗಿತ್ತು. ಯೂರೋಪಿನ ಪ್ರವಾಸದಲ್ಲಿ ಆ ಕಾರನ್ನು ಕಂಡು ಮೆಚ್ಚಿ, ಜಪಾನಿಗೆ ಮರಳಿದ ಮೇಲೆ ಅಂತಹ ಕಾರೊಂದನ್ನು ಹುಡುಕಿ ಎಲ್ಲ ಕೋನಗಳಿಂದಲೂ ಛಾಯಾಚಿತ್ರ ತೆಗೆಸಿದುದಾಗಿ ಸುಜುಕಿಯವರೇ ಹೇಳಿಕೊಂಡಿದ್ದಾರೆ. ಫೆರಾರಿ ಸಂಸ್ಥೆಯ ಪರವಾನಗಿ ಮಾತ್ರ ಇರಲಿಲ್ಲ. ಮರುವರ್ಷ, ೧೯೮೭ರಲ್ಲಿ, ಬಂದ ‘ಟೆಸ್ಟ್ ಡ್ರೈವ್’ ಇನ್ನೂ ಮುಂದೆ ಹೋಗಿ ಟೆಸ್ಟಾರೊಸ್ಸ, ಲ್ಯಾಂಬೊರ್ಗಿನಿ ಕೌಂಟಾಶ್, ಪೋರ್ಷೆ ೯೧೧ ಟರ್ಬೊ, ಲೋಟಸ್ ಎಸ್ಪ್ರಿ, ಶೆವ್ರೊಲೆ ಕಾರ್ವೆಟ್ ಎಂಬ ಐದು ಕಾರುಗಳನ್ನು ಹೆಸರು ಹಿಡಿದೇ ಆಟಗಾರನ ಮುಂದಿಟ್ಟಿತು.

ಆ ಕಾಲದಲ್ಲಿ ಕಾರಿನ ತಯಾರಕರು ಈ ಕ್ಷೇತ್ರದ ಕಡೆ ಹೆಚ್ಚು ಗಮನ ಕೊಟ್ಟಂತೆ ತೋರುವುದಿಲ್ಲ. ಆದರೆ ಆಕಾರದ ಮೇಲೆ ತಮಗಿರುವ ಹಕ್ಕಿನ ವಿಷಯದಲ್ಲಿ ಅವರು ಎಚ್ಚರ ತಪ್ಪಿರಲಿಲ್ಲ. ಫೆರಾರಿ ಕಾರುಗಳ ಹೊರಮೈಯನ್ನು ಫೈಬರ್‌ಗ್ಲಾಸಿನಲ್ಲಿ ಅನುಕರಿಸಿ ಮಾರುತ್ತಿದ್ದ ಅಮೆರಿಕದ ತಯಾರಕನೊಬ್ಬನ ಮೇಲೆ ಆ ಸಂಸ್ಥೆ ಹೂಡಿದ ದಾವೆಯಲ್ಲಿ, ೧೯೯೧ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವು ಫೆರಾರಿಯ ಪರವಾಗಿ ತೀರ್ಪಿತ್ತಿತು. ಅನುಕರಿಸಿದ ಮಾದರಿಗಳಲ್ಲಿ ಟೆಸ್ಟಾರೊಸ್ಸವೂ ಒಂದು. ಹೆಸರನ್ನು ಬರೆಯದಿದ್ದರೂ ಆಕಾರವೇ ಹೆಸರನ್ನು ನುಡಿಯಬಲ್ಲುದು ಎಂಬುದು ಈ ತೀರ್ಪಿನ ತಿರುಳು. ಅಲ್ಲಿ ವಿಚಾರಣೆಗೆ ಬಂದುದು ರಸ್ತೆಯ ಮೇಲೆ ಓಡುವ ವಾಹನ, ತೆರೆಯ ಮೇಲಿನ ಚಿತ್ರವಲ್ಲ. ಆದರೂ ಚಿತ್ರವು ನೈಜತೆಗೆ ಸಮೀಪಿಸಿದಷ್ಟೂ ಈ ನ್ಯಾಯ ತಮಗೂ ತಗುಲೀತೆಂಬ ಅಳುಕು ಆಟದ ಪ್ರಕಾಶಕರಲ್ಲಿ ಮೂಡಿದ್ದರೆ ಆಶ್ಚರ್ಯವಿಲ್ಲ.

೨

ಆಟಗಳಲ್ಲಿ ಮೂರು ಆಯಾಮದ ಚಿತ್ರಣ ನೆಲೆಯೂರಿದ ೧೯೯೦ರ ದಶಕದಲ್ಲಿ ಅನುಮತಿ ಪಡೆಯುವ ಪದ್ಧತಿ ಗಟ್ಟಿಯಾಯಿತು. ೧೯೯೪ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ‘ರೋಡ್ ಅಂಡ್ ಟ್ರ್ಯಾಕ್’ ಎಂಬ ಮೋಟಾರು ಪತ್ರಿಕೆಯ ಸಹಯೋಗದಿಂದ ‘ದಿ ನೀಡ್ ಫಾರ್ ಸ್ಪೀಡ್’ ಆಟವನ್ನು ಪ್ರಕಟಿಸಿತು. ಇಲ್ಲಿ ಕಾರುಗಳ ವೇಗ, ಧ್ವನಿ, ನಡೆ ಇವೆಲ್ಲವೂ ನೈಜವಾಗಿರಬೇಕೆಂಬ ಹಂಬಲ ಸ್ಪಷ್ಟವಾಗಿದೆ.

ಈ ಪದ್ಧತಿ ಪೂರ್ಣರೂಪವನ್ನು ತಳೆದದ್ದು ಕಜುನೋರಿ ಯಮಾಉಚಿಯವರ ನೇತೃತ್ವದಲ್ಲಿ ಸಿದ್ಧವಾಗಿ ೧೯೯೭ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಗ್ರಾನ್ ಟುರಿಸ್ಮೊ’ದಲ್ಲಿ. ಸುಮಾರು ೧೪೦ ಕಾರುಗಳನ್ನು ಒಳಗೊಂಡ ಈ ಆಟದ ಒಂದು ಕೋಟಿಗೂ ಮಿಗಿಲಾದ ಪ್ರತಿಗಳು ಮಾರಾಟವಾದುವು. ಅದರ ಪಟ್ಟಿಯಲ್ಲಿ ಹೆಚ್ಚಿನವು ಜಪಾನಿನ ಕಾರುಗಳು. ಬ್ರಿಟನ್ ಮತ್ತು ಅಮೆರಿಕದ ಕೆಲವು ಸಂಸ್ಥೆಗಳ ಕಾರುಗಳೂ ಉಂಟು. ಫೆರಾರಿ, ಲ್ಯಾಂಬೊರ್ಗಿನಿ, ಪೋರ್ಷೆ ಇವು ಇಲ್ಲ. ಹತ್ತು ವರ್ಷಗಳ ಹಿಂದಿನ ‘ಟೆಸ್ಟ್ ಡ್ರೈವ್’ ಆಟದ ಐದು ಕಾರುಗಳಲ್ಲಿ ಮೂರು ಈ ಮೂರು ಮನೆತನಗಳಿಗೇ ಸೇರಿದ್ದುವೆಂಬುದನ್ನು ಇಲ್ಲಿ ನೆನೆಯಬೇಕು.

ಹೀಗೆ ಪಟ್ಟಿಗೆ ಸೇರಿದ ಕಾರುಗಳಷ್ಟೇ ಸೇರದ ಕಾರುಗಳೂ ಚರಿತ್ರಕಾರನಿಗೆ ಸಾಕ್ಷ್ಯವನ್ನು ನುಡಿಯುತ್ತವೆ. ಫೆರಾರಿ ಈ ಮಾಲೆಯೊಳಗೆ ಬಂದದ್ದು ೨೦೦೬ರಲ್ಲಿ. ಪೋರ್ಷೆ ಬಂದದ್ದು ೨೦೧೭ರಲ್ಲಿ. ಇತ್ತ ಸೆಗಾ ಸಂಸ್ಥೆಯೂ ತನ್ನ ‘ಔಟ್ ರನ್ ೨’ ಆಟವನ್ನು ೨೦೦೩ರಲ್ಲಿ ಫೆರಾರಿಯ ವಿಧಿವತ್ತಾದ ಪರವಾನಗಿಯೊಡನೆಯೇ ಹೊರತಂದಿತು. ಮೊದಲ ಆಟದ ಕೆಲವು ಮರುಪ್ರಕಟಣೆಗಳಲ್ಲಿ ಹಳೆಯ ಕೆಂಪು ಕಾರಿನ ಆಕಾರವನ್ನು ತಿದ್ದಲಾಯಿತು.

ಸಂಬಂಧ ಏಕಮುಖವಾಗಿರಲಿಲ್ಲ ಎಂಬುದನ್ನೂ ಹೇಳುವುದು ನ್ಯಾಯ. ೨೦೦೭ರ ನಿಸ್ಸಾನ್ ಜಿ.ಟಿ.-ಆರ್. ಕಾರಿನೊಳಗಿನ ಮಾಹಿತಿ ಪರದೆಯ ವಿನ್ಯಾಸದಲ್ಲಿ ಯಮಾಉಚಿಯವರ ಸಂಸ್ಥೆಯೇ ಕೈಜೋಡಿಸಿತು. ೨೦೧೩ರಿಂದ ಮರ್ಸಿಡಿಸ್-ಬೆಂಜ್ ಮೊದಲಾದ ತಯಾರಕರು ಆಟಕ್ಕೆಂದೇ ಹೊಸ ಕಾರುಗಳನ್ನು ಕಲ್ಪಿಸಿಕೊಟ್ಟರು. ಅನುಕರಣೆಯೇ ಮೂಲಕ್ಕೆ ಮಾದರಿಯಾದ ನಿದರ್ಶನಗಳಿವು.

೩

ಪರವಾನಗಿಯ ಷರತ್ತುಗಳನ್ನು ಆಟಗಳು ಹೇಗೆ ತೋರಿಸಿಕೊಡುತ್ತವೆ ಎಂಬುದಕ್ಕೆ ೨೦೦೪ನೆಯ ವರ್ಷ ಒಳ್ಳೆಯ ನಿದರ್ಶನ. ಆ ವರ್ಷ ಪ್ರಕಟವಾದ ‘ಗ್ರಾನ್ ಟುರಿಸ್ಮೊ ೪’ರಲ್ಲಿ ಸುಮಾರು ೭೦೦ ನಿಜವಾದ ಕಾರುಗಳಿದ್ದುವು. ಅವು ಎಷ್ಟೇ ವೇಗದಲ್ಲಿ ಗೋಡೆಗೆ ಬಡಿದರೂ ಮೈಮೇಲೆ ಒಂದು ತಗ್ಗು ಬೀಳುತ್ತಿರಲಿಲ್ಲ. ಅದೇ ವರ್ಷದ ‘ಬರ್ನೌಟ್ ೩’ರಲ್ಲಿ ಕಾರುಗಳು ಡಿಕ್ಕಿ ಹೊಡೆದು ನುಚ್ಚುನೂರಾಗುವುದೇ ಆಟದ ಮುಖ್ಯ ಆಕರ್ಷಣೆ, ಆದರೆ ಅಲ್ಲಿನ ಕಾರುಗಳೆಲ್ಲ ಕಲ್ಪಿತ. ಹೆಸರಿದ್ದ ಕಾರು ಅಭಂಗ, ಹೆಸರಿಲ್ಲದ ಕಾರು ಭಂಗುರ! ಯಂತ್ರಗಳ ಗಣನಶಕ್ತಿಯ ಮಿತಿಯೂ ಇದಕ್ಕೆ ಒಂದು ಕಾರಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಮ್ಮ ಕಾರು ಜಜ್ಜಿಹೋದಂತೆ, ಮಗುಚಿದಂತೆ, ಒಳಗಿರುವವರಿಗೆ ಅಪಾಯವಾದಂತೆ ತೋರಿಸಲು ತಯಾರಕರು ಹಿಂಜರಿಯುವುದು ಈ ಉದ್ಯಮದಲ್ಲಿ ಎಲ್ಲರೂ ಬಲ್ಲ ಸಂಗತಿ. ‘ಗ್ರಾನ್ ಟುರಿಸ್ಮೊ’ ಮಾಲೆಯ ಪ್ರಮುಖ ಆಟಗಳಲ್ಲಿ ಕಾರಿಗೆ ಕಣ್ಣಿಗೆ ಕಾಣುವ ಜಖಂ ಆದದ್ದು ೨೦೧೦ರ ಐದನೆಯ ಆಟದಲ್ಲಿ. ಕಳ್ಳತನ, ಕೊಲೆಗಳ ಕಥೆಯುಳ್ಳ ‘ಗ್ರಾಂಡ್ ಥೆಫ್ಟ್ ಆಟೊ’ದಂತಹ ಆಟಗಳು ಕಲ್ಪಿತ ಹೆಸರುಗಳ ಕಾರುಗಳನ್ನೇ ಆಶ್ರಯಿಸಿರುವುದನ್ನೂ ಇಲ್ಲಿಯೇ ಗಮನಿಸಬಹುದು.

ಎರಡನೆಯ ಷರತ್ತು ಏಕಸ್ವಾಮ್ಯದ್ದು. ೨೦೦೦ದಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ಪೋರ್ಷೆ ಕಾರುಗಳಿಗೇ ಮೀಸಲಾದ ‘ನೀಡ್ ಫಾರ್ ಸ್ಪೀಡ್’ ಆಟವೊಂದನ್ನು ಪ್ರಕಟಿಸಿತು. ಆ ಕಾಲದಿಂದ ೨೦೧೬ರ ಕೊನೆಯವರೆಗೂ ಪೋರ್ಷೆಯ ಹೆಸರು ಆಟಗಳ ಮಟ್ಟಿಗೆ ಆ ಒಂದು ಸಂಸ್ಥೆಯ ವಶದಲ್ಲಿತ್ತು. ಉಳಿದವರು ಬೇಕಾದರೆ ಅದರಿಂದ ಒಳಪರವಾನಗಿ ಪಡೆಯಬೇಕಾಗಿತ್ತು. ೨೦೧೧ರ ‘ಫೋರ್ಜಾ ಮೋಟಾರ್‌ಸ್ಪೋರ್ಟ್ ೪’ ಪೋರ್ಷೆಯಿಲ್ಲದೆಯೇ ಬಿಡುಗಡೆಯಾಗಿ, ೨೦೧೨ರ ಮೇ ತಿಂಗಳಲ್ಲಿ ಪುರವಣಿಯ ರೂಪದಲ್ಲಿ ಅದನ್ನು ಪಡೆಯಿತು.

ಈ ನಿರ್ಬಂಧದ ನಡುವೆ ಕಂಡುಕೊಂಡ ಒಂದು ಹಾದಿ ಕುತೂಹಲಕರವಾದುದು. ಬವೇರಿಯದ ರೂಫ್ ಎಂಬ ಸಣ್ಣ ಸಂಸ್ಥೆ ಪೋರ್ಷೆಯ ಹೊರಕವಚವನ್ನು ತಂದು ತನ್ನದೇ ಕಾರುಗಳನ್ನು ಕಟ್ಟುತ್ತಿತ್ತು. ೧೯೮೧ರಿಂದ ಜರ್ಮನಿಯಲ್ಲಿ ಅದಕ್ಕೆ ಸ್ವತಂತ್ರ ತಯಾರಕನ ಮನ್ನಣೆಯಿತ್ತು. ಆದಕಾರಣ ೧೯೯೯ರ ‘ಗ್ರಾನ್ ಟುರಿಸ್ಮೊ ೨’ರಿಂದ ಮೊದಲುಗೊಂಡು ಅನೇಕ ಆಟಗಳಲ್ಲಿ ಪೋರ್ಷೆಯ ಸ್ಥಾನವನ್ನು ರೂಫ್ ತುಂಬಿತು. ಪೋರ್ಷೆಯ ಆಕಾರವನ್ನು ಆಟಗಾರರು ರೂಫ್ ಎಂಬ ಹೆಸರಿನಿಂದ ಅರಿತರು. ಮುಂದೆ ಈ ಆಟಗಳನ್ನೇ ಆಧಾರವಾಗಿಟ್ಟುಕೊಂಡು ಇಪ್ಪತ್ತನೆಯ ಶತಮಾನದ ಅಂತ್ಯದ ಕಾರುಗಳನ್ನು ಕುರಿತು ಬರೆಯುವವನು, ಇವುಗಳ ಹಿಂದಿನ ಒಡಂಬಡಿಕೆಯನ್ನು ತಿಳಿಯದಿದ್ದರೆ, ರೂಫ್ ಒಂದು ದೊಡ್ಡ ಸಂಸ್ಥೆಯೆಂದೂ ಪೋರ್ಷೆ ಅಪ್ರಸಿದ್ಧವೆಂದೂ ಬಗೆದರೆ ಅಚ್ಚರಿಯಿಲ್ಲ.

೪

ನಿಜವಾಗಿಯೂ ಪರವಾನಗಿ ಕಾನೂನಿನ ದೃಷ್ಟಿಯಿಂದ ಅನಿವಾರ್ಯವೆ? ನ್ಯಾಯಾಲಯಗಳ ಉತ್ತರ ಉದ್ಯಮದ ಆಚರಣೆಗಿಂತ ಸಡಿಲವಾಗಿದೆ. ಜರ್ಮನಿಯ ಆಟಿಕೆ ತಯಾರಕ ಔಟೆಕ್ ತನ್ನ ದೂರನಿಯಂತ್ರಿತ ಆಟಿಕೆ ಕಾರಿನ ಮೇಲೆ ಓಪೆಲ್ ಲಾಂಛನವನ್ನು ಹಾಕಿದುದರಿಂದ ಹುಟ್ಟಿದ ವ್ಯಾಜ್ಯ ೨೦೦೭ರಲ್ಲಿ ಐರೋಪ್ಯ ನ್ಯಾಯಾಲಯವನ್ನು ಮುಟ್ಟಿತು. ಕೊನೆಗೆ ೨೦೧೦ರಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯವು ತಯಾರಕನ ಹಕ್ಕಿಗೆ ಚ್ಯುತಿಯಾಗಿಲ್ಲವೆಂದು ತೀರ್ಮಾನಿಸಿತು. ಕೊಳ್ಳುವವರು ಆ ಲಾಂಛನವನ್ನು ಮೂಲ ಕಾರಿನ ಪ್ರತಿರೂಪದ ಒಂದು ವಿವರವೆಂದು ತಿಳಿಯುತ್ತಾರೆಯೇ ಹೊರತು ಆಟಿಕೆಯನ್ನು ಓಪೆಲ್ ತಯಾರಿಸಿತೆಂದು ತಿಳಿಯುವುದಿಲ್ಲ ಎಂಬುದು ಅಲ್ಲಿನ ವಾದಸರಣಿ.

ಅಮೆರಿಕದಲ್ಲಿ ‘ಗ್ರಾನ್ ಟುರಿಸ್ಮೊ’ವೇ ಕಟಕಟೆ ಹತ್ತಿತು. ಇಟಲಿಯ ಮೊಂಜಾ ಓಟದ ಹಾದಿಯ ಸೇತುವೆಯ ಮೇಲಿನ ಹೆಸರನ್ನು ಆಟದಲ್ಲಿ ಹಾಗೆಯೇ ತೋರಿಸಿದುದಕ್ಕಾಗಿ ವಿರಾಗ್ ಎಂಬ ನೆಲಹಾಸಿನ ಕಂಪನಿ ದಾವೆ ಹೂಡಿತ್ತು. ನೈಜ ಚಿತ್ರಣ ಕಲೆಯ ಉದ್ದೇಶಕ್ಕೆ ಸಂಬಂಧಪಟ್ಟದ್ದೆಂದು ಹೇಳಿ ೨೦೧೫ರಲ್ಲಿ ನ್ಯಾಯಾಲಯ ಆ ಆಕ್ಷೇಪವನ್ನು ತಳ್ಳಿಹಾಕಿತು. ಇದೇ ತತ್ತ್ವದ ಮೇಲೆ ೨೦೨೦ರಲ್ಲಿ, ಯುದ್ಧದ ಆಟವೊಂದರಲ್ಲಿ ಹಂವೀ ವಾಹನವನ್ನು ಅನುಮತಿಯಿಲ್ಲದೆ ತೋರಿಸಿದ ಆಕ್ಟಿವಿಷನ್ ಸಂಸ್ಥೆಯ ಪರವಾಗಿ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪಿತ್ತಿತು. ೨೦೨೩ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಜ್ಯಾಕ್ ಡೇನಿಯಲ್ಸ್ ಮೊಕದ್ದಮೆಯಲ್ಲಿ ಈ ರಕ್ಷಣೆಯ ವ್ಯಾಪ್ತಿಯನ್ನು ಕಿರಿದುಗೊಳಿಸಿತು. ಅನ್ಯರ ಚಿಹ್ನೆಯನ್ನು ತನ್ನ ಸರಕಿನ ಗುರುತಾಗಿಯೇ ಬಳಸಿದವನಿಗೆ ಅದು ದೊರೆಯದೆಂದು ಹೇಳಿತು.

ಹೀಗಿದ್ದೂ ಓಟದ ಆಟಗಳ ಪ್ರಕಾಶಕರು ಪರವಾನಗಿಯನ್ನು ಏಕೆ ಬಿಡಲಿಲ್ಲ? ನಮಗೆ ತೋರುವ ಕಾರಣಗಳು ಮೂರು. ದೇಶದಿಂದ ದೇಶಕ್ಕೆ ಕಾನೂನು ಬೇರೆ, ದಾವೆಯ ವೆಚ್ಚ ಎಲ್ಲೆಡೆಯೂ ಭಾರ. ಎರಡನೆಯದಾಗಿ, ಕಾರಿನ ಅಳತೆಗಳು, ವಿನ್ಯಾಸದ ನಕ್ಷೆಗಳು, ಎಂಜಿನ್ನಿನ ಧ್ವನಿ ಮುದ್ರಿಸಿಕೊಳ್ಳಲು ಬೇಕಾದ ಕಾರು ಇವು ತಯಾರಕನ ಸಹಕಾರವಿದ್ದರೆ ಸುಲಭವಾಗಿ ದೊರೆಯುತ್ತವೆ. ಮೂರನೆಯದಾಗಿ, ಹೊದಿಕೆಯ ಮೇಲೂ ಜಾಹೀರಾತಿನಲ್ಲಿಯೂ ಆ ಹೆಸರನ್ನು ಮೆರೆಸಿ ಮಾರಬೇಕಾದರೆ ನ್ಯಾಯಾಲಯದ ರಕ್ಷಣೆ ಅಷ್ಟು ಭದ್ರವಲ್ಲ.

೫

ಇನ್ನು ಕಾಲಾವಧಿಯ ವಿಚಾರ. ನಮ್ಮ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಗುರುತರವಾದುದು. ಪರವಾನಗಿಗೆ ಅವಧಿಯುಂಟು, ಅದು ಮುಗಿದ ಮೇಲೆ ಆಟವನ್ನು ಮಾರುವಂತಿಲ್ಲ. ೨೦೦೯ರಲ್ಲಿ ಬಂದ ‘ಔಟ್ ರನ್ ಆನ್‌ಲೈನ್ ಆರ್ಕೇಡ್’, ಫೆರಾರಿಯೊಡನಿದ್ದ ಒಡಂಬಡಿಕೆ ಕೊನೆಗೊಂಡುದರಿಂದ, ೨೦೧೧ರ ಅಂತ್ಯದೊಳಗೆ ಮಾರಾಟದಿಂದ ಮರೆಯಾಯಿತು. ೨೦೧೨ರ ‘ಫೋರ್ಜಾ ಹೊರೈಜನ್’ ೨೦೧೬ರಲ್ಲಿ ಹಿಂತೆಗೆಯಲ್ಪಟ್ಟಿತು. ೨೦೧೮ರಲ್ಲಿ ಬಂದ ಆ ಮಾಲೆಯ ನಾಲ್ಕನೆಯ ಆಟ ೨೦೨೪ರ ಡಿಸೆಂಬರ್ ೧೫ರಂದು ಅದೇ ದಾರಿ ಹಿಡಿಯಿತು. ಮೊದಲೇ ಕೊಂಡವರು ಇವನ್ನು ಆಡಬಹುದಾಗಿತ್ತು. ೨೦೧೪ರ ‘ದಿ ಕ್ರೂ’ ಆಟವನ್ನು ಕೊಂಡವರಿಗೆ ಆ ಭಾಗ್ಯವೂ ಉಳಿಯಲಿಲ್ಲ. ದೂರದ ಸರ್ವರನ್ನೇ ಅವಲಂಬಿಸಿದ್ದ ಆ ಆಟವನ್ನು ೨೦೨೪ರ ಮಾರ್ಚಿ ಅಂತ್ಯದಲ್ಲಿ ಪ್ರಕಾಶಕರಾದ ಯುಬಿಸಾಫ್ಟ್ ನಿಲ್ಲಿಸಿದರು. ಅವರು ಕೊಟ್ಟ ಕಾರಣಗಳಲ್ಲಿ ಪರವಾನಗಿಯ ನಿರ್ಬಂಧವೂ ಒಂದು.

ಪುಸ್ತಕದ ಮುದ್ರಣ ನಿಂತರೂ ಹಳೆಯ ಪ್ರತಿ ಗ್ರಂಥಾಲಯದಲ್ಲಿ ಉಳಿಯುತ್ತದೆ. ಬಿಲ್ಲೆಯಾಗಲಿ ಪೆಟ್ಟಿಗೆಯಾಗಲಿ ಇಲ್ಲದೆ ಮಾರಿದ ಆಟಕ್ಕೆ ಅಂತಹ ಹಳೆಯ ಪ್ರತಿಯೇ ಇರುವುದಿಲ್ಲ. ನೂರಾರು ಕಾರುಗಳ ಆಕಾರ, ಧ್ವನಿ, ನಡೆಗಳನ್ನು ತಯಾರಕರ ಸಹಕಾರದಿಂದಲೇ ದಾಖಲಿಸಿದ ಈ ಆಟಗಳು ಒಂದು ಬಗೆಯ ವಸ್ತುಸಂಗ್ರಹಾಲಯಗಳು. ಅವುಗಳ ಬಾಗಿಲು ಮಾತ್ರ ಕರಾರಿನ ದಿನಾಂಕಕ್ಕೆ ಮುಚ್ಚಿಹೋಗುತ್ತದೆ. ಪರವಾನಗಿಯಿಲ್ಲದೆ ರಚಿತವಾದ ೧೯೮೬ರ ‘ಔಟ್ ರನ್’ ಇಂದಿಗೂ ಹಳೆಯ ನಾಣ್ಯಯಂತ್ರಗಳಲ್ಲಿ ಮೂಲರೂಪದಲ್ಲಿಯೇ ಉಳಿದಿದೆ. ವಿಧಿವತ್ತಾಗಿ ಪರವಾನಗಿ ಪಡೆದ ಅದರ ಸಂತಾನ ಎರಡೇ ವರ್ಷಗಳಲ್ಲಿ ಅಂಗಡಿಯಿಂದ ಕಣ್ಮರೆಯಾಯಿತು. ಈ ವೈಪರೀತ್ಯವನ್ನು ಕಂಡು ಪರವಾನಗಿಯೇ ಕೂಡದೆಂದು ನಾವು ಹೇಳುವುದಿಲ್ಲ. ತಯಾರಕನ ಹಕ್ಕು ನ್ಯಾಯವಾದದ್ದೇ. ಆದರೆ ಮಾರಾಟದ ಅವಧಿ ಬೇರೆ, ಸಂರಕ್ಷಣೆಯ ಅವಧಿ ಬೇರೆ ಎಂಬ ಭೇದವನ್ನು ಒಡಂಬಡಿಕೆಗಳಲ್ಲಿಯೇ ಮಾಡಿ, ಅವಧಿ ತೀರಿದ ಆಟದ ಒಂದು ಪ್ರತಿಯನ್ನು ಗ್ರಂಥಾಲಯಗಳಲ್ಲಿಯೂ ದಾಖಲೆಯ ಭಂಡಾರಗಳಲ್ಲಿಯೂ ಅಧ್ಯಯನಕ್ಕಾಗಿ ಇರಿಸಲು ಅವಕಾಶ ಕಲ್ಪಿಸುವುದು ಅಸಾಧ್ಯವೇನಲ್ಲ.

ನಮ್ಮ ನಾಡಿನ ದಾನಶಾಸನಗಳು ದತ್ತಿಯು ಆಚಂದ್ರಾರ್ಕವಾಗಿ ನಡೆಯಲೆಂದು ಹಾರೈಸಿದುವು. ದತ್ತಿಗಳು ಅಳಿದರೂ ಅವುಗಳ ಕಲ್ಲುಗಳು ಉಳಿದುದರಿಂದ ನಮಗೆ ಚರಿತ್ರೆ ದೊರೆಯಿತು. ಈ ಕಾಲದ ಪರವಾನಗಿಗಳು ಕೆಲವೇ ವರ್ಷಗಳಿಗೆ ಬರೆದ ಪತ್ರಗಳು. ಪತ್ರದ ಅವಧಿ ತೀರಲಿ. ಅದರೊಡನೆ ಕಲ್ಲನ್ನೂ ಕಿತ್ತುಹಾಕುವ ಪದ್ಧತಿ ಬೆಳೆಯದಂತೆ ನೋಡಿಕೊಳ್ಳುವುದು ಚರಿತ್ರೆಯಲ್ಲಿ ಆಸಕ್ತಿಯುಳ್ಳವರೆಲ್ಲರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.