ಕಾಲವನ್ನೂ ಜಾಲದೊಳಗೆ ತಂದ ಗಣಿತ

ಸೇತುವೆ, ಅಣೆಕಟ್ಟು, ವಿಮಾನದ ರೆಕ್ಕೆ ಮೊದಲಾದವುಗಳ ಒಳಬಲಗಳನ್ನು ವಿವರಿಸುವ ಅವಕಲ ಸಮೀಕರಣಗಳನ್ನು ನೇರವಾಗಿ ಬಿಡಿಸುವುದು ಬಹುಪಾಲು ಅಸಾಧ್ಯವಾದ್ದರಿಂದ, ಆಕೃತಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನಲ್ಲೂ ಸರಳವಾದ ಬಹುಪದಿಯೊಂದನ್ನು ಹಿಡಿದು, ಅವನ್ನೆಲ್ಲ ಅಂಚುಗಳಲ್ಲಿ ಬೆಸೆದು ಉತ್ತರದ ಸಮೀಪಕ್ಕೆ ಹೋಗುವ ಕ್ರಮವೇ ಫೈನೈಟ್ ಎಲಿಮೆಂಟ್ ವಿಧಾನ. ರಿಚರ್ಡ್ ಕೋರಂಟ್ 1943ರ ಲೇಖನದಲ್ಲಿ ಟೊಳ್ಳು ಚೌಕ ದಂಡವೊಂದರ ತಿರುಚುವಿಕೆಯನ್ನು ತ್ರಿಕೋನಗಳ ಜಾಲದಿಂದ ಲೆಕ್ಕಹಾಕಿದ್ದನಾದರೂ, ಆ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಬಲ್ಲ ಗಣಕಯಂತ್ರ ಆಗಿನ್ನೂ ಬಂದಿರಲಿಲ್ಲ; 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ವಿಮಾನ ರಚನೆಗಳಿಗೆ ಅದೇ ಬಗೆಯ ಕ್ರಮವನ್ನು ಅನ್ವಯಿಸಿದರು, 1960ರಲ್ಲಿ ಕ್ಲಫ್ ಅದಕ್ಕೆ ಈಗಿನ ಹೆಸರು ಕೊಟ್ಟ.

ಇಷ್ಟರಲ್ಲೂ ಕಾಲ ಹೊರಗೇ ಉಳಿದಿತ್ತು. ಮಿಂಕೋವ್‌ಸ್ಕಿ 1908ರಷ್ಟು ಹಿಂದೆಯೇ ದೇಶಕಾಲಗಳನ್ನು ಒಂದೇ ಚತುರಾಯಾಮವಾಗಿ ಕಂಡಿದ್ದರೂ, ಎಂಜಿನಿಯರುಗಳು ದೇಶವನ್ನು ಮಾತ್ರ ತುಂಡುಮಾಡಿ, ಕಾಲದಲ್ಲಿ ಹೆಜ್ಜೆಹೆಜ್ಜೆಯಾಗಿ ಮುಂದೆ ಸಾಗುತ್ತಿದ್ದರು. ಕಾಲವನ್ನೂ ಜಾಲದ ಒಂದು ದಿಕ್ಕಾಗಿ ಪರಿಗಣಿಸುವ ಯೋಚನೆಯನ್ನು 1969ರಲ್ಲಿ ಆರ್ಗಿರಿಸ್ ಮತ್ತು ಶಾರ್ಫ್ ಮಂಡಿಸಿದರು. ಅದೇ ವರ್ಷ ಫ್ರೀಡ್ ಕೂಡ ಆ ದಾರಿಯಲ್ಲೇ ನಡೆದ. ಅದರ ಲಾಭ ಚಲಿಸುವ ಗಡಿಗಳಲ್ಲಿ ಎದ್ದು ಕಾಣುತ್ತದೆ: ಸಿಲಿಂಡರಿನ ಉದ್ದವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ, ಪಿಸ್ಟನ್ ಒತ್ತುತ್ತಿರುವ ಅನಿಲದ ಕಂಬವು ಕ್ಷಣಕ್ಷಣಕ್ಕೂ ಕುಗ್ಗುವ ಗೆರೆ, ಕಾಲದ ಅಕ್ಷವನ್ನು ಸೇರಿಸಿ ಬರೆದಾಗ ಅದೇ ಓರೆ ಅಂಚಿನ ಒಂದು ಸ್ಥಿರ ಚಿತ್ರವಾಗಿ ನಿಲ್ಲುತ್ತದೆ.

1988ರಲ್ಲಿ ಹ್ಯೂಸ್ ಮತ್ತು ಹಲ್ಬರ್ಟ್ ಕಾಲವನ್ನು ಪದರಗಳಾಗಿ ಕತ್ತರಿಸಿ, ಪದರಗಳ ನಡುವೆ ಉತ್ತರವು ಜಿಗಿಯಲು ಅವಕಾಶ ಕೊಟ್ಟಿದ್ದರಿಂದ, ಒಂದಾದ ಮೇಲೊಂದು ಪದರವನ್ನು ಬಿಡಿಸುವುದು ಸಾಧ್ಯವಾಯಿತು. 1992ರಲ್ಲಿ ತೇಜ್‌ದುಯಾರ್ ಮತ್ತು ಸಂಗಡಿಗರು ಚಲಿಸುವ ಗಡಿಗಳ ನಡುವಿನ ದ್ರವಪ್ರವಾಹಕ್ಕೆ ಇದೇ ಬಗೆಯ ಕ್ರಮವನ್ನು ಒದಗಿಸಿದರು.

ನಿಜವಾದ ತೊಡಕು ಇದ್ದದ್ದು ನಾಲ್ಕು ಆಯಾಮಗಳ ರೇಖಾಗಣಿತದಲ್ಲಿ. ಅಲ್ಲಿ ತ್ರಿಕೋನದ ಸ್ಥಾನದಲ್ಲಿ ನಿಲ್ಲುವ ಪೆಂಟಟೋಪ್ ಎಂಬ ಆಕೃತಿಗೆ 5 ಶೃಂಗಗಳು, 10 ಅಂಚುಗಳು, 10 ತ್ರಿಕೋನಗಳು, ಗಡಿಯಾಗಿ 5 ಚತುಷ್ಫಲಕಗಳು ಇರುತ್ತವೆ. ಅದನ್ನು ಕಣ್ಣಿಂದ ನೋಡಿ ಸರಿಪಡಿಸುವಂತಿಲ್ಲ, ಬೀಜಗಣಿತದ ನಿಯಮಗಳನ್ನೇ ನಂಬಬೇಕು. ಪ್ರತಿ ಅಂಚನ್ನೂ ಅರ್ಧಿಸಿದರೆ ಒಂದು ಪೆಂಟಟೋಪ್ 16 ಆಗುತ್ತದೆ; ಪ್ರತಿ ದಿಕ್ಕಿಗೆ 100 ಬಿಂದುಗಳನ್ನಿಟ್ಟರೂ ಒಟ್ಟು 10 ಕೋಟಿ. ಮಾರೆಕ್ ಬೇರ್ 2008ರಲ್ಲಿ ಇಂಥ ಸರಳಕಗಳ, ಅಂದರೆ ಆಯಾ ಆಯಾಮದ ಅತ್ಯಂತ ಕಡಿಮೆ ಶೃಂಗಗಳ ಆಕೃತಿಗಳ, ದೇಶಕಾಲ ಜಾಲಗಳನ್ನು ಕಟ್ಟುವ ಬಗೆಯನ್ನು ಪ್ರಕಟಿಸಿದ. 1969ರ ಯೋಚನೆ ನಾಲ್ಕನೆಯ ಆಯಾಮವನ್ನು ತಲುಪಲು ದಶಕಗಳನ್ನೇ ತೆಗೆದುಕೊಂಡಿದ್ದಕ್ಕೆ ಯೋಚನೆಯ ದೌರ್ಬಲ್ಯ ಕಾರಣವಲ್ಲ, ಈ ರೇಖಾಗಣಿತದ ತೊಡಕೂ ಲೆಕ್ಕದ ಗಾತ್ರವೂ ಕಾರಣ.